ಧೂಳು ನೋಡಲು ಬ್ರಿಸ್ಬೇನಿಗೆ ಹೋದದ್ದು

ಕೊಳ್ಳೇಗಾಲ

ವಿದೇಶಕ್ಕೆ ಹೋಗಿ ಬಂದವರನ್ನು ನಮ್ಮ ಟೀ ಅಂಗಡಿಯಲ್ಲಿ ಮೊದಲು ಕೇಳುವುದು, "ಏನೇನ್ ನೋಡ್ಕಂಡ್ ಬಂದ್ರಿ ಸಾ?" ಎಂದು. ಆಸ್ಟ್ರೇಲಿಯಾದಿಂದ ಬಂದ ಮರುದಿನ ನನ್ನನ್ನೂ ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ಧೂಳು, ಕೆಸರು, ಮೋರಿ."

ಅಂಗಡಿಯವನು ಗ್ಲಾಸು ತೊಳೆಯುವುದನ್ನು ನಿಲ್ಲಿಸಿದ. "ಅದ್ಕೆ ಅಲ್ಲೀಗಂಟ ಓಗ್ಬೇಕಾಗಿತ್ತಾ ಸಾ? ನಮ್ ಬಸ್‌ಸ್ಟ್ಯಾಂಡ್ ಸಾಕಾಗ್ತಿರ್ನಿಲ್ವಾ?"

ಅವನ ಮಾತನ್ನು ಅಲ್ಲಗಳೆಯಲಾರೆ. ಆದರೂ ನಾವು ಹೋದದ್ದಕ್ಕೆ ಒಂದು ಕಾರಣವಿತ್ತು.

ನಾನು ಹೊನ್ನೂರು ಕಡೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು. ಈಗ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಹತ್ತಿರ, ನನ್ನ ಹೆಂಡತಿ ಗೌರಿಗೆ ತವರಿನಿಂದ ಬಂದ ಜಮೀನಿನಲ್ಲಿ ಮನೆ ಮಾಡಿಕೊಂಡಿದ್ದೇವೆ. ಮನೆಯ ಸುತ್ತ ಹಿಪ್ಪುನೇರಳೆ ತೋಟ. ರೇಷ್ಮೆ ಹುಳು ಸಾಕುವುದು ಗೌರಿಯ ಕೆಲಸ. ಸೊಪ್ಪು ಹೊರುವುದು ಮತ್ತು ಬೈಸಿಕೊಳ್ಳುವುದು ನನ್ನ ಕೆಲಸ. ತೋಟದ ಬೇಲಿಯಾಚೆ ಗೌರಿಯ ಒಬ್ಬನೇ ತಮ್ಮ ನಂಜುಂಡನ ಜಲ್ಲಿ ಕ್ರಷರ್.

ಕ್ರಷರ್‌ಗೆ ಅನುಮತಿ ಪತ್ರ ಇತ್ತು. ಧೂಳು ಏಳದಂತೆ ನೀರು ಚಿಮುಕಿಸಬೇಕು, ಬೆಲ್ಟಿಗೆ ಮುಚ್ಚಿಗೆ ಹಾಕಬೇಕು, ಮಳೆ ನೀರು ಜಲ್ಲಿಪುಡಿಯನ್ನು ಹೊತ್ತುಕೊಂಡು ಪಕ್ಕದವರ ಹೊಲಕ್ಕೆ ಇಳಿಯದಂತೆ ಕಾಲುವೆ ತೋಡಬೇಕು ಎಂದೆಲ್ಲ ಅದರಲ್ಲಿ ಬರೆದಿತ್ತು. ನಂಜುಂಡ ಪೈಪು ಎಳೆಸಿದ್ದ, ನಳಿಕೆಗಳನ್ನೂ ಹಾಕಿಸಿದ್ದ. ಅವುಗಳಲ್ಲಿ ನೀರು ಬರುತ್ತಿದ್ದದ್ದು ಮಾತ್ರ ಯಾರಾದರೂ ತಪಾಸಣೆಗೆ ಬರುತ್ತಾರೆಂಬ ಸುದ್ದಿ ಬಂದ ದಿನ.

ರೇಷ್ಮೆ ಹುಳು ಗೂಡು ಕಟ್ಟುವುದಕ್ಕೆ ಮುಂಚೆ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ಅಂತಿಂಥದ್ದಲ್ಲ. ಮನೆಯೊಳಗೆ ಜಡಿಮಳೆ ಹೊಡೆದಂತೆ ಸದ್ದು ಮಾಡುತ್ತ ಮೇಯುತ್ತವೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಆ ಸದ್ದು ಕೇಳಲಿಲ್ಲ. ಸೊಪ್ಪಿನ ಮೇಲೆ ಬೂದು ಬಣ್ಣದ ಧೂಳು ಕೂತಿತ್ತು. ಗೌರಿ ಎಲೆ ಒರೆಸಿ ಹಾಕಿದಳು, ತೊಳೆದು ಆರಿಸಿ ಹಾಕಿದಳು. ಹುಳುಗಳು ಮೂಸಿ ತಲೆ ತಿರುಗಿಸಿದವು. ಮೂರು ದಿನದಲ್ಲಿ ಮನೆ ತುಂಬ ಸತ್ತ ಹುಳುಗಳ ವಾಸನೆ.

ಗೌರಿ ಅಳಲಿಲ್ಲ. ಒಂದು ತಟ್ಟೆ ತುಂಬ ಸತ್ತ ಹುಳು ಹೊತ್ತುಕೊಂಡು ಬೇಲಿ ದಾಟಿ ಹೋಗಿ ತಮ್ಮನ ಆಫೀಸಿನ ಮೇಜಿನ ಮೇಲೆ ಇಟ್ಟು ಬಂದಳು. ಅಂದಿನಿಂದ ಅಕ್ಕ ತಮ್ಮನಿಗೆ ಮಾತಿಲ್ಲ. ಹಬ್ಬಕ್ಕೆ ಅವನು ಸೀರೆ ತಂದರೆ ಅವಳು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಕ್ರಷರಿನ ಅನುಮತಿ ನವೀಕರಣಕ್ಕೆ ಬಂದಾಗ ಅಕ್ಕನೇ ಮೊದಲ ತಕರಾರು ಅರ್ಜಿ ಹಾಕುತ್ತಾಳೆಂದು ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಅದು ಬರೀ ಊರ ಮಾತಾಗಿರಲಿಲ್ಲ. ಅರ್ಜಿಯ ಇಂಗ್ಲಿಷ್ ತಿದ್ದಿಕೊಡಲು ನನಗೂ ಹೇಳಿದ್ದಳು.

ಆ ಹೊತ್ತಿಗೆ ಕ್ರಷರ್ ಮಾಲೀಕರು ಒಂದಷ್ಟು ಜನ ಸೇರಿ ಆಸ್ಟ್ರೇಲಿಯಾದಲ್ಲಿ ಕಲ್ಲುಗಣಿ, ಯಂತ್ರ ಎಲ್ಲ ನೋಡಿಕೊಂಡು ಬರುವ ಪ್ರವಾಸ ಹೊರಡಿಸಿದರು. ನಂಜುಂಡ ನನ್ನ ಹತ್ತಿರ ಬಂದ.

"ಬಾವ, ನೀವ್ ಜೊತೇಲಿ ಬನ್ನಿ. ನಂಗೆ ಇಂಗ್ಲೀಸು 'ಎಸ್ಸು, ನೋ' ಬುಟ್ರೆ ಬರಾಕಿಲ್ಲ. ಅಲ್ಲಿ 'ನೋ' ಅನ್ಬೇಕಾದ್ ಕಡೆ 'ಎಸ್' ಅಂದ್ಬುಟ್ರೆ ಏನ್ ಗತಿ?"

ಗೌರಿಯನ್ನು ಕೇಳಿದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಮೊರ ಕೆಳಗಿಟ್ಟು, "ಓಗ್ಬುಟ್ಟು ಬನ್ನಿ. ಅಲ್ಲಿ ಧೂಳ ಎಂಗ್ ಇಡ್ಕತಾರೆ ಅಂತ ಕಣ್ ಬುಟ್ಕಂಡ್ ನೋಡ್ಕಂಡ್ ಬನ್ನಿ. ಅವ್ನಿಗಂತೂ ಕಣ್ ಇಲ್ಲ, ನಿಮಗಾದ್ರೂ ಕನ್ನಡಕ ಅದಲ್ಲ" ಅಂದಳು.

ವಿಮಾನ ನಿಲ್ದಾಣ

ಬ್ರಿಸ್ಬೇನಿನಲ್ಲಿ ಇಳಿದ ಕೂಡಲೇ ನಮಗೆ ಆದ ಮೊದಲ ಸ್ವಾಗತ ನಂಜುಂಡನ ಬೂಟಿಗೆ ಸಂಬಂಧಿಸಿದ್ದು.

ವಿಮಾನದಲ್ಲೇ ಒಂದು ಕಾರ್ಡು ಕೊಟ್ಟು, ಮಣ್ಣು ಮೆತ್ತಿದ ಪಾದರಕ್ಷೆ ಇದೆಯೇ ಎಂದು ಕೇಳಿದ್ದರು. ನಂಜುಂಡ ಕ್ರಷರಿಗೆ ಹಾಕಿಕೊಂಡು ಹೋಗುವ ದಪ್ಪ ಬೂಟನ್ನೇ ಹಾಕಿಕೊಂಡು ಬಂದಿದ್ದ. ಅದರ ಹೊಲಿಗೆಯಲ್ಲಿ ಜಲ್ಲಿಪುಡಿ, ಅಟ್ಟೆಯಲ್ಲಿ ನಮ್ಮೂರ ಕೆಮ್ಮಣ್ಣು. ಮೇಷ್ಟ್ರ ಅಭ್ಯಾಸಬಲದಿಂದ ನಾನು 'ಹೌದು' ಎಂದು ಗುರುತು ಹಾಕಿದ್ದೆ.

ತಲೆಯೆಲ್ಲ ಬೆಳ್ಳಗಾದ ಅಧಿಕಾರಿಣಿಯೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಕೈಗೆ ಗವಸು ಹಾಕಿಕೊಂಡು, ಬೂಟು ಬಿಚ್ಚಿಕೊಡಿ ಅಂದರು. ನಂಜುಂಡ ಬಿಚ್ಚಿದ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹತ್ತಿರದ ತೊಟ್ಟಿಗೆ ಒಯ್ದು, ಬ್ರಷ್ ತೆಗೆದುಕೊಂಡು ಉಜ್ಜಿ ಉಜ್ಜಿ ತೊಳೆಯತೊಡಗಿದರು.

ನಂಜುಂಡನ ಮುಖ ಸುಣ್ಣದ ಹಾಗಾಯಿತು. "ಬಾವ, ನಮ್ಮವ್ವನ್ ವಯಸ್ಸಿನೋರು! ನನ್ನ್ ಮೆಟ್ ತೊಳೀತಾವ್ರಲ್ಲ! ಬ್ಯಾಡ ಅನ್ನಿ, ನಾನೇ ತೊಳ್ಕತೀನಿ ಅನ್ನಿ!"

ನಾನು ಹೇಳಿದೆ. ಆಕೆ ನಕ್ಕು, "ಇದು ನನ್ನ ಕೆಲಸ. ನಿಮ್ಮ ಊರಿನ ಮಣ್ಣಿನಲ್ಲಿ ಯಾವ ಬೀಜ, ಯಾವ ರೋಗ ಇದೆಯೋ ನಮಗೆ ಗೊತ್ತಿಲ್ಲವಲ್ಲ" ಅಂದರು. ತೊಳೆದ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎರಡೂ ಕೈಯಲ್ಲಿ ಕೊಟ್ಟರು. ನಂಜುಂಡ ಬಗ್ಗಿ ಕೈ ಮುಗಿದ. ಆಕೆಗೆ ಏನು ಮಾಡಬೇಕೆಂದು ತೋಚದೆ ಅವರೂ ಗವಸು ಹಾಕಿದ ಕೈಯನ್ನು ಮುಗಿದರು.

ಒದ್ದೆ ಬೂಟು ಹಾಕಿಕೊಳ್ಳಲಾಗದೆ ನಂಜುಂಡ ಬರಿಗಾಲಲ್ಲೇ ಆಸ್ಟ್ರೇಲಿಯಾ ಪ್ರವೇಶ ಮಾಡಿದ. ನನಗೆ ನಾಚಿಕೆಯಾಗುತ್ತಿತ್ತು. ಆದರೆ ಸಂಜೆ ಹೋಟೆಲಿನ ಪಕ್ಕದ ದೊಡ್ಡ ಅಂಗಡಿಗೆ ಹೋದರೆ ಅಲ್ಲಿ ಹಾಲು, ಬ್ರೆಡ್ಡು ಕೊಳ್ಳುತ್ತಿದ್ದ ಗೌರವಸ್ಥರಂಥ ಇಬ್ಬರು ಬರಿಗಾಲಲ್ಲಿದ್ದರು. ಯಾರೂ ತಿರುಗಿ ನೋಡುತ್ತಿರಲಿಲ್ಲ. "ನೋಡಿ ಬಾವ, ನಮ್ ಅನೂರ್ ಸಂತೆ ಇದ್ದಂಗೇ ಅದೆ" ಎಂದು ನಂಜುಂಡ ನಿರಾಳವಾದ.

ನಗರದಲ್ಲಿ

ಆ ಊರಿನ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಬಸ್ಸಿನಿಂದ ಇಳಿಯುವವರೆಲ್ಲ ಡ್ರೈವರಿಗೆ ಕೇಳುವಂತೆ ಗಟ್ಟಿಯಾಗಿ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಶಾಲೆಯ ಮಕ್ಕಳೂ ಹೇಳುತ್ತಾರೆ, ಕೋಲು ಹಿಡಿದ ಮುದುಕರೂ ಹೇಳುತ್ತಾರೆ. ನಮ್ಮಲ್ಲಿ ಹನೂರು ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಹೇಳುವ ಮಾತುಗಳು ಬೇರೆ. ಅವೂ ಗಟ್ಟಿಯಾಗಿಯೇ ಇರುತ್ತವೆ. ನಂಜುಂಡ ಎರಡು ದಿನದಲ್ಲಿ ಈ ಅಭ್ಯಾಸ ಕಲಿತುಬಿಟ್ಟ. ಬಸ್ಸಿನಿಂದ ಇಳಿಯುವಾಗ ಸರಿ, ಲಿಫ್ಟಿನಿಂದ ಹೊರಬರುವಾಗಲೂ ಗೋಡೆಯ ಕಡೆ ತಿರುಗಿ ಥ್ಯಾಂಕ್ಸ್ ಅನ್ನುತ್ತಿದ್ದ.

ಊಟದ್ದೇ ಕಷ್ಟ. ಬ್ರೆಡ್ಡಿನ ಮೇಲೆ ಸವರುವ ಕಪ್ಪನೆಯದೊಂದನ್ನು ಅವನು ಹುಣಸೆ ಗೊಜ್ಜು ಎಂದು ತಿಳಿದು ಚಮಚ ತುಂಬ ಬಾಯಿಗೆ ಹಾಕಿಕೊಂಡ. ಮರುಕ್ಷಣವೇ ನೀರಿನ ಲೋಟಕ್ಕೆ ಕೈ ಹಾಕಿದ. ಗೌರಿ ನನಗೆಂದು ಕಟ್ಟಿಕೊಟ್ಟಿದ್ದ ಹುರುಳಿ ಚಟ್ನಿಪುಡಿ ಪೊಟ್ಟಣವನ್ನು ಬಿಚ್ಚಿದೆ. ಅವನು ಅನ್ನಕ್ಕೆ ಕಲಸಿ ಒಂದು ತುತ್ತು ಬಾಯಿಗಿಟ್ಟ.

"ಅಕ್ಕನ್ ಕೈದು," ಅಂದ.

"ಹೂಂ."

"ಬೆಳ್ಳುಳ್ಳಿ ಒಸಿ ಮುಂದಾಗದೆ. ಯಾವಾಗ್ಲೂ ಅಂಗೇ ಆಕ್ತಾಳೆ." ಮತ್ತೆರಡು ಚಮಚ ಹಾಕಿಕೊಂಡ.

ಕಟ್ಟಡದ ಜಾಗದಲ್ಲಿ ಮಳೆ

ಪ್ರವಾಸದ ಸಂಘಟಕರು ನಮ್ಮನ್ನು ಒಂದು ದೊಡ್ಡ ಕಟ್ಟಡ ಏಳುತ್ತಿದ್ದ ಜಾಗಕ್ಕೆ ಕರೆದೊಯ್ದರು. ಉಳಿದವರಲ್ಲಿ ಹೆಚ್ಚಿನವರು ಹಿಂದಿನ ದಿನವೇ ಸಮುದ್ರತೀರಕ್ಕೆ ಜಾರಿಕೊಂಡಿದ್ದರು. ಹೋದವರು ನಾವು ನಾಲ್ಕೈದು ಜನ.

ಕಟ್ಟಡ ಇನ್ನೂ ನೆಲದಿಂದ ಮೇಲೆದ್ದಿರಲಿಲ್ಲ. ಆದರೆ ಆಗಲೇ ಜಾಗದ ತಗ್ಗಿನ ಅಂಚಿನುದ್ದಕ್ಕೂ ಮೊಣಕಾಲೆತ್ತರದ ಕಪ್ಪು ಬಟ್ಟೆಯ ಬೇಲಿ ಕಟ್ಟಿದ್ದರು; ಬಟ್ಟೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುತ್ತದೆ. ಒಂದು ಮೂಲೆಯಲ್ಲಿ ಹೊಂಡ ತೋಡಿದ್ದರು. ಗೇಟಿನ ಬಳಿ ನೆಲಕ್ಕೆ ಕಬ್ಬಿಣದ ಕಂಬಿಗಳನ್ನು ಅಡ್ಡಡ್ಡ ಹಾಸಿದ್ದರು. ಲಾರಿ ಅದರ ಮೇಲೆ ಗಡಗಡ ಹಾದುಹೋದರೆ ಚಕ್ರದ ಕೆಸರು ಅಲ್ಲೇ ಉದುರುತ್ತದೆ, ರಸ್ತೆಗೆ ಹೋಗುವುದಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಟ್ರ್ಯಾಕ್ಟರು ಗದ್ದೆಯಿಂದ ರಸ್ತೆಗೆ ಬಂದರೆ, ಯಾರ ಗದ್ದೆಯಿಂದ ಯಾರ ಮನೆಗೆ ಹೋಯಿತು ಎಂದು ಕೆಸರಿನ ಗುರುತು ನೋಡಿ ಹೇಳಬಹುದು.

ಅಲ್ಲಿನ ಮೇಲ್ವಿಚಾರಕ ತನ್ನ ಶೆಡ್ಡಿನ ಗೋಡೆಗೆ ತಗಲಿಸಿದ್ದ ಅನುಮತಿ ಪತ್ರ ಮತ್ತು ನಕ್ಷೆ ತೋರಿಸಿದ. ನಕ್ಷೆಯಲ್ಲಿ ಕಟ್ಟಡಕ್ಕಿಂತ ಬಾಣದ ಗುರುತುಗಳೇ ಹೆಚ್ಚು. ಮಳೆ ಎಲ್ಲಿ ಬಿದ್ದರೆ ಎಲ್ಲಿಗೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ತಿಳಿಯಾದ ಮೇಲೆ ಎಲ್ಲಿಂದ ಹೊರಗೆ ಹೋಗುತ್ತದೆ ಎಂಬುದೆಲ್ಲ ಅದರಲ್ಲಿತ್ತು. "ನಮ್ಮಲ್ಲಿ ಮಳೆಯ ದಾರಿ ತೋರಿಸದೆ ಒಂದು ಗುದ್ದಲಿ ಮಣ್ಣು ಎತ್ತುವ ಹಾಗಿಲ್ಲ" ಅಂದ.

ನಾನು ಕನ್ನಡದಲ್ಲಿ ಹೇಳಿದೆ. ನಂಜುಂಡ ಆಕಾಶ ನೋಡಿದ. "ಮಳೆಗೂ ಪರ್ಮಿಟ್ಟಾ? ಇದೇನ್ ಬಾವ, ಈ ಜನಕ್ಕೆ ಮಾಡಾಕ್ ಬ್ಯಾರೆ ಕೆಲ್ಸ ಇಲ್ವಾ?"

ಆಗಲೇ ಮೋಡ ಕಟ್ಟಿತ್ತು. ನಾವು ಟೀ ಕುಡಿಯುತ್ತಿದ್ದ ಹಾಗೆಯೇ ದಪ್ಪ ಹನಿ ಶುರುವಾಗಿ ಕ್ಷಣದಲ್ಲಿ ಭೋರೆಂದು ಸುರಿಯಿತು. ನಮ್ಮಲ್ಲಾದರೆ ಎಲ್ಲರೂ ಸೂರಿನ ಕಡೆ ಓಡುತ್ತಾರೆ. ಅಲ್ಲಿನ ಕೆಲಸಗಾರರು ಬಟ್ಟೆ ಬೇಲಿಯ ಕಡೆ, ಹೊಂಡದ ಕಡೆ ಓಡಿದರು. ಎಲ್ಲಿ ಬೇಲಿ ಬಾಗಿದೆ, ಎಲ್ಲಿ ನೀರು ನುಗ್ಗುತ್ತಿದೆ ಎಂದು ನೋಡಿ ಜಲ್ಲಿ ತುಂಬಿದ ಚೀಲಗಳನ್ನು ಹೊತ್ತು ಹಾಕಿದರು. ಕೆಂಪು ನೀರೆಲ್ಲ ಹೊಂಡಕ್ಕೆ ಇಳಿಯಿತು. ಮಳೆ ನಿಂತ ಮೇಲೆ ಅದರ ಮೇಲೆ ಒಂದು ಬಿಳಿ ಪುಡಿ ಎರಚಿದರು. ಮಣ್ಣು ತಳಕ್ಕಿಳಿಯಲು ಅಂದರು. ನನಗೆ ನಮ್ಮವ್ವನ ನೆನಪಾಯಿತು. ಕಾವೇರಿಗೆ ಹೊಸ ನೀರು ಬಂದಾಗ ಅವಳು ಹಂಡೆಯ ಕೆಂಪು ನೀರಿನಲ್ಲಿ ಪಟಿಕದ ಗಡ್ಡೆ ತಿರುಗಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ನೀರು ಕನ್ನಡಿಯಾಗುತ್ತಿತ್ತು.

ನಾನು ಈ ಯೋಚನೆಯಲ್ಲಿರುವಾಗ ನಂಜುಂಡ ಕಾಣಿಸಲಿಲ್ಲ. ಆಮೇಲೆ ಗೇಟಿನ ಹೊರಗೆ ಗಲಾಟೆ ಕೇಳಿಸಿತು.

ಅವನ ಬೂಟಿಗೆ ಕೆಸರು ಮೆತ್ತಿತ್ತು. ವಿಮಾನ ನಿಲ್ದಾಣದಲ್ಲಿ ಹಿರಿಯರ ಕೈಲಿ ತೊಳೆಸಿದ ನೋವು ಇನ್ನೂ ಮನಸ್ಸಿನಲ್ಲಿತ್ತು. ಈ ಸಲ ಯಾರಿಗೂ ತೊಂದರೆ ಕೊಡಬಾರದೆಂದು ತಾನೇ ರಸ್ತೆಬದಿಯ ನಲ್ಲಿಗೆ ಹೋಗಿ, ಪಕ್ಕದ ಮೋರಿಯ ಬಾಯಲ್ಲಿ ಕಾಲಿಟ್ಟು ಚೆನ್ನಾಗಿ ತೊಳೆದಿದ್ದ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬರು ನಿಂತು ಕೂಗುತ್ತಿದ್ದರು. ಮೇಲ್ವಿಚಾರಕ ಚೀಲ ಹೊತ್ತು ಓಡಿಬಂದ. ಮೋರಿಯ ಮುಚ್ಚಳದ ಮೇಲೆ ಒಂದು ಮೀನಿನ ಚಿತ್ರ ಬರೆದು, ಇದು ಹಳ್ಳಕ್ಕೆ ಹೋಗುವ ನೀರು ಎಂದು ಬರೆದಿತ್ತು. ನಂಜುಂಡ ಸರಿಯಾಗಿ ಆ ಮೀನಿನ ಮೇಲೆ ನಿಂತಿದ್ದ.

"ಒಂದ್ ಚೊಂಬು ಕೆಸರ್ ನೀರ್ಗೆ ಇಷ್ಟು ಜನ ಓಡ್ಬಂದವ್ರಾ?" ಎಂದು ಅವನು ಬೆಪ್ಪಾಗಿ ಕೇಳಿದ.

ನಾನು ಹೆಂಗಸಿಗೆ ಕ್ಷಮೆ ಕೇಳಿದೆ; ನಾವು ಬೇರೆ ದೇಶದವರು, ಗೊತ್ತಾಗಲಿಲ್ಲ ಅಂದೆ. ಆಕೆಯ ಕೋಪ ಅಲ್ಲೇ ಇಳಿಯಿತು. "ಕೆಳಗಿನ ಹಳ್ಳದಲ್ಲಿ ಆಮೆಗಳಿವೆ. ಬೆಳಿಗ್ಗೆ ಬಂದರೆ ತೋರಿಸುತ್ತೇನೆ" ಅಂದರು. ನಂಜುಂಡನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಅವನೇ ನನ್ನನ್ನು ಎಬ್ಬಿಸಿ ಹಳ್ಳಕ್ಕೆ ಕರೆದುಕೊಂಡು ಹೋದ. ಮರದ ದಿಮ್ಮಿಯ ಮೇಲೆ ಪುಟ್ಟ ಆಮೆಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವು. ಅವನು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಆ ಹೆಂಗಸು ಬಂದಾಗ ಎದ್ದುನಿಂತು ತಾನು ಕಲಿತ ಇಂಗ್ಲಿಷಿನಲ್ಲಿ, "ಥ್ಯಾಂಕ್ಸ್" ಅಂದ.

ಕಲ್ಲುಗಣಿ

ಊರಾಚೆಯ ಗಣಿಗೆ ಹೋದ ದಿನ ಮೊದಮೊದಲು ನನಗೆ ಕೆಲಸವೇ ಇರಲಿಲ್ಲ. ಅಲ್ಲಿನ ಮ್ಯಾನೇಜರ್ ಗ್ರೆಗ್ ಎಂಬಾತ ದೊಡ್ಡ ಹೊಟ್ಟೆಯ, ಕೆಂಪು ಮುಖದ, ನಗುಮುಖದ ಮನುಷ್ಯ. ಅವನೂ ನಂಜುಂಡನೂ ಭೇಟಿಯಾಗಿ ಸ್ವಲ್ಪ ಹೊತ್ತಿಗೇ ನನ್ನನ್ನು ಬಿಟ್ಟು ಮುಂದೆ ನಡೆದರು. ಬೇರಿಂಗ್, ಬೆಲ್ಟು, ಜಾ, ಸ್ಕ್ರೀನು: ಯಂತ್ರದ ಭಾಗಗಳ ಹೆಸರು ಹನೂರಿನಲ್ಲೂ ಬ್ರಿಸ್ಬೇನಿನಲ್ಲೂ ಒಂದೇ. ಉಳಿದದ್ದಕ್ಕೆ ಕೈ ಸನ್ನೆ. ನಂಜುಂಡ ಕ್ರಷರಿನ ಸದ್ದಿಗೆ ಕಿವಿಗೊಟ್ಟು, ಒಂದು ಕಡೆ ಬೆರಳು ತೋರಿಸಿ, ಮುಖ ಕಿವುಚಿದ. ಗ್ರೆಗ್ ಹೌದೆಂದು ತಲೆಯಾಡಿಸಿ ಅವನ ಬೆನ್ನು ತಟ್ಟಿದ. ಯಾವುದೋ ಬೇರಿಂಗು ಸವೆದಿತ್ತಂತೆ.

ಅಲ್ಲಿ ಕಲ್ಲು ಒಡೆಯುವಲ್ಲಿ, ಬೆಲ್ಟಿನಿಂದ ಜಲ್ಲಿ ಬೀಳುವಲ್ಲಿ, ಎಲ್ಲ ಕಡೆ ಮಂಜಿನ ಹಾಗೆ ನೀರು ಚಿಮ್ಮುತ್ತಿತ್ತು. ಬೆಲ್ಟುಗಳಿಗೆ ತಗಡಿನ ಮುಚ್ಚಿಗೆ. ರಸ್ತೆಯ ಮೇಲೆ ನೀರಿನ ಟ್ಯಾಂಕರು ಹೋಗುತ್ತಲೇ ಇತ್ತು. ಎತ್ತರದ ಕಂಬದ ಮೇಲೆ ಕೆಂಪು ಬಟ್ಟೆಯ ಚೀಲವೊಂದು ಗಾಳಿಗೆ ಉಬ್ಬಿ ನಿಂತಿತ್ತು. ಅದರ ಬಾಲ ಊರ ಮನೆಗಳ ಕಡೆ ತಿರುಗಿ ಗಾಳಿ ಜೋರಾದರೆ ಕೆಲಸ ನಿಧಾನ ಮಾಡಬೇಕು, ಇನ್ನೂ ಜೋರಾದರೆ ನಿಲ್ಲಿಸಬೇಕು. ಅದೂ ಅನುಮತಿ ಪತ್ರದಲ್ಲಿದೆ.

"ಯಾರ್ ಬಂದ್ ನೋಡ್ತಾರೆ ಅಂತ ಇಷ್ಟೆಲ್ಲ ಮಾಡ್ತಾನೆ, ಕೇಳಿ ಬಾವ," ಎಂದ ನಂಜುಂಡ.

ನಾನು ಕೇಳಿದೆ. ಗ್ರೆಗ್ ಉತ್ತರ ಹೇಳಲು ಬಾಯಿ ತೆರೆಯುವುದಕ್ಕೂ ಅವನ ಜೇಬಿನ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಅವನು ಹೆಸರು ನೋಡಿ ಭುಜ ಕುಣಿಸಿ, ಫೋನೆತ್ತಿ, "ಹೇಳಿ ಐರಿನ್" ಅಂದ. ಆ ಕಡೆಯಿಂದ ಮಾತು ಹರಿಯಿತು. ಇವನು ಬರೀ "ಹೌದು, ಹೌದು, ಸರಿ" ಅನ್ನುತ್ತಿದ್ದ. ಫೋನಿಟ್ಟು ನಮ್ಮ ಕಡೆ ತಿರುಗಿದ.

"ಇವರೇ ನೋಡುವವರು. ಬನ್ನಿ, ಹೇಗೂ ಅಲ್ಲಿಗೆ ಹೋಗಬೇಕು. ಅವರು ಕೇಕು ಚೆನ್ನಾಗಿ ಮಾಡುತ್ತಾರೆ."

ಗಣಿಯ ಗೇಟಿನಿಂದ ಹೊರಗೆ ಬರುವಾಗ ನಂಜುಂಡ ಜೀಪಿನ ಕಿಟಕಿಯಿಂದ ಒಂದು ಬೋರ್ಡು ತೋರಿಸಿದ. ಧೂಳಿನ ತೊಂದರೆಯಾದರೆ ಈ ನಂಬರಿಗೆ ಕರೆ ಮಾಡಿ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದು ಗ್ರೆಗ್‌ನ ಜೇಬಿನ ಫೋನಿನ ನಂಬರೇ.

"ತನ್ ಮೇಲೆ ದೂರು ಏಳಕ್ಕೆ ತಾನೇ ನಂಬರ್ ಬರ್ಸವ್ನೆ!" ಎಂದು ನಂಜುಂಡ ಬಾಯಿ ಬಿಟ್ಟುಕೊಂಡು ನೋಡಿದ.

ಐರಿನ್ ಅವರ ಮನೆ

ಐರಿನ್ ಒಬ್ಬರೇ ಇದ್ದರೂ ಮನೆ ಗಿಜಿಗುಡುತ್ತಿತ್ತು. ಕೋಳಿಗಳು, ಎರಡು ಬೆಕ್ಕು, ಸಂಗೀತ ಕಲಿಯಲು ಬಂದಿದ್ದ ನಾಲ್ಕು ಜನ ನಡುವಯಸ್ಸಿನ ಹೆಂಗಸರು. ಆಕೆ ಎದೆಗೆ ತೂಗುಹಾಕಿಕೊಂಡು ನುಡಿಸುವ ಹಾರ್ಮೋನಿಯಂ, ಅಂದರೆ ಅಕಾರ್ಡಿಯನ್ ಪಾಠ ಹೇಳುತ್ತಿದ್ದರು. ನಮ್ಮನ್ನು ನೋಡಿ ಪಾಠ ನಿಲ್ಲಿಸಿ, ನಮಸ್ಕಾರ ಏನೂ ಇಲ್ಲದೆ ಗ್ರೆಗ್‌ನನ್ನು ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದರು. ಅಲ್ಲಿ ಒಣಹಾಕಿದ್ದ ಬಿಳಿ ಹೊದಿಕೆಯ ಮೇಲೆ ಬೆರಳು ಎಳೆದು ಅವನ ಮುಖದ ಮುಂದೆ ಹಿಡಿದರು.

ಗ್ರೆಗ್ ಬೆರಳು ನೋಡಿದ. "ನಮ್ಮದೇ," ಅಂದ. "ಬೆಳಿಗ್ಗೆ ಟ್ಯಾಂಕರು ಕೆಟ್ಟಿತ್ತು. ಕೆಲಸ ನಿಲ್ಲಿಸಬೇಕಿತ್ತು, ನಿಲ್ಲಿಸುವುದು ತಡವಾಯಿತು. ಹೊದಿಕೆ ಕೊಡಿ, ಒಗೆಸಿ ಕಳಿಸುತ್ತೇನೆ."

ಇಷ್ಟೇ. ಅವರು ಕೊಟ್ಟರು, ಇವನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಇಬ್ಬರೂ ಏನೂ ಆಗದವರಂತೆ ಗುಲಾಬಿ ಗಿಡಗಳ ನಡುವೆ ನಡೆದರು. ಅಲ್ಲೊಂದು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಗಾಜಿನ ಬಾಟಲಿ, ಅದರ ಬಾಯಿಗೆ ಆಲಿಕೆ. ಆಕಾಶದಿಂದ ಬೀಳುವ ಧೂಳು ಅದರಲ್ಲಿ ಸೇರುತ್ತದೆ. ತಿಂಗಳಿಗೊಮ್ಮೆ ಅದನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬಿದ್ದ ಧೂಳೆಷ್ಟು ಎಂದು ಗಣಿಯವರಿಗೂ ಗೊತ್ತಾಗುತ್ತದೆ, ಐರಿನ್ ಅವರಿಗೂ ಗೊತ್ತಾಗುತ್ತದೆ. ಗ್ರೆಗ್ ಬಾಟಲಿ ಬದಲಿಸಿದ. ಆಕೆ ನಿಂತು, ಆಲಿಕೆ ಸೊಟ್ಟಗಿದೆ, ನೇರ ಮಾಡು ಎಂದು ಹೇಳಿಕೊಟ್ಟರು.

ಕೇಕು ತಿನ್ನುವಾಗ ನಂಜುಂಡ ನನ್ನ ಮೊಣಕೈ ತಿವಿದ. "ಇವ್ರಿಬ್ರೂ ನೆಂಟ್ರಾ, ಕೇಳಿ."

ಐರಿನ್ ನಕ್ಕರು. "ನೆಂಟರಲ್ಲ. ಹಿಂದಿದ್ದ ಮ್ಯಾನೇಜರ್ ಕಾಲದಲ್ಲಿ ನಾನೂ ನನ್ನ ಗಂಡನೂ ಬೀದಿಯಲ್ಲಿ ಬೋರ್ಡು ಹಿಡಿದು ನಿಂತವರು. ಅವನು ನಮ್ಮ ಮುಖ ನೋಡುತ್ತಿರಲಿಲ್ಲ. ಇವನು ಬಂದ ಮೇಲೆ ಈ ಬಾಟಲಿ ತಂದಿಟ್ಟ, ನಂಬರು ಕೊಟ್ಟ. ಮೊದಲ ವಾರ ಅವನ ತಾಳ್ಮೆ ಪರೀಕ್ಷೆ ಮಾಡೋಣ ಅಂತ ದಿನಾ ಫೋನ್ ಮಾಡಿದೆ. ದಿನಾ ಬಂದ." ನಂಜುಂಡನ ಕಡೆ ತಿರುಗಿ, "ನಿಮಗೂ ಗಣಿ ಇದೆಯಂತೆ. ನಿಮ್ಮ ಬೇಲಿಯಾಚೆ ಯಾರಿದ್ದಾರೆ?" ಎಂದು ಕೇಳಿದರು.

ನಾನು ಕನ್ನಡದಲ್ಲಿ ಹೇಳಿದೆ. ನಂಜುಂಡ ಕೇಕಿನ ತಟ್ಟೆ ಕೆಳಗಿಟ್ಟ.

"ನಮ್ಮಕ್ಕ ಅನ್ನಿ."

ಐರಿನ್ ಮುಖ ಅರಳಿತು. "ಅಕ್ಕನಾ! ಹಾಗಾದರೆ ಧೂಳು ಬಂದರೆ ನಿಮ್ಮ ಕಿವಿ ಹಿಂಡುತ್ತಾರೆ. ದಿನಾ ಫೋನ್ ಮಾಡುತ್ತಾರಾ?"

ಇದನ್ನು ಅನುವಾದ ಮಾಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮಾಡಿದೆ. ನಂಜುಂಡ ಹಿತ್ತಲ ಕಡೆ, ಬಾಟಲಿಯ ಕಡೆ ನೋಡುತ್ತ ಕೂತ.

"ಇಲ್ಲ ಅನ್ನಿ ಬಾವ. ನಮ್ಮಕ್ಕ ನನ್ನ್ ಮಾತಾಡ್ಸಾಕಿಲ್ಲ ಅನ್ನಿ."

ನಾನು ಹೇಳಿದೆ. ಐರಿನ್ ಎದ್ದು ಬಂದು ಅವನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿದರು. ಆಮೇಲೆ ಅಕಾರ್ಡಿಯನ್ ಎತ್ತಿಕೊಂಡು, ಆ ನಾಲ್ಕು ಹೆಂಗಸರನ್ನೂ ಸೇರಿಸಿಕೊಂಡು, ನಮಗಾಗಿ ಒಂದು ಕುಣಿತದ ಮಟ್ಟು ನುಡಿಸಿದರು. ಒಬ್ಬೊಬ್ಬರು ಒಂದೊಂದು ಕಡೆ ತಪ್ಪಿದರು. ಗ್ರೆಗ್ ನೆಲಕ್ಕೆ ಕಾಲು ತಟ್ಟಿದ. ನಂಜುಂಡನೂ ಕೊನೆಗೆ ನಕ್ಕ.

ಹೊರಡುವಾಗ ಅವನು ಹಿತ್ತಲಿಗೆ ಹೋಗಿ ಆ ಸ್ಟ್ಯಾಂಡಿನ ಎತ್ತರಕ್ಕೆ ಸರಿಯಾಗಿ ತನ್ನ ಎದೆಯ ಮೇಲೆ ಕೈಯಿಟ್ಟು ಅಳತೆ ತೆಗೆದುಕೊಂಡ.

ಮತ್ತೆ ಊರು

ನಮ್ಮ ಗುಂಪಿನ ಉಳಿದವರು ಚಾಕಲೇಟು, ಕಾಂಗರೂ ಗೊಂಬೆ ತಂದರು. ನಂಜುಂಡ ಅವನ್ನೂ ತಂದ. ಆದರೆ ಬಂದ ವಾರವೇ ಕೊಳ್ಳೇಗಾಲದ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಎದೆಯೆತ್ತರದ ಒಂದು ಸ್ಟ್ಯಾಂಡು ಮಾಡಿಸಿದ. ಬೋರ್‌ವೆಲ್ ನೀರನ್ನು ನಳಿಕೆಗಳಿಗೆ ಹರಿಸಿದ. ಬೆಲ್ಟಿಗೆ ತಗಡಿನ ಮುಚ್ಚಿಗೆ ಬಂತು. ತಗ್ಗಿನ ಕಡೆ ಹೊಂಡ ತೋಡಿಸಿದ. ಗೇಟಿನಲ್ಲಿ ಕಬ್ಬಿಣದ ಕಂಬಿ ಹಾಸಿದ ದಿನ ಲಾರಿ ಡ್ರೈವರುಗಳು ಒಬ್ಬರಾದ ಮೇಲೊಬ್ಬರು ಬಂದು, "ಇದೇನಣ್ಣ, ದನ ಬರ್ದಂಗೆ ಆಕಿದೀಯ?" ಎಂದು ಕೇಳಿದರು.

ಗೇಟಿನ ಪಕ್ಕ ಬೋರ್ಡೂ ಬಂತು. ಪೇಂಟರು ತನ್ನ ಕಡೆಯಿಂದ ಎರಡು ಗುಲಾಬಿ ಹೂವು ಸೇರಿಸಿದ್ದ. "ಧೂಳು ಬಂದರೆ ಫೋನ್ ಮಾಡಿ." ಕೆಳಗೆ ನಂಜುಂಡನ ನಂಬರು. ಮೊದಲ ದಿನವೇ ಫೋನು ಬರತೊಡಗಿತು. ಒಬ್ಬ ಒಂದು ಟ್ರ್ಯಾಕ್ಟರ್ ಧೂಳು ಬೇಕು, ಮನೆಗೆ ತಂದು ಹಾಕ್ತೀರಾ ಎಂದು ಕೇಳಿದ. ಇನ್ನೊಬ್ಬ ಕರೆಂಟು ಹೋಗಿದೆ ಎಂದು ದೂರು ಹೇಳಿದ. ನಂಜುಂಡ ಎಲ್ಲರಿಗೂ ಸಮಾಧಾನವಾಗಿ ಉತ್ತರ ಕೊಟ್ಟು ಕೊನೆಗೆ ಥ್ಯಾಂಕ್ಸ್ ಹೇಳುತ್ತಿದ್ದ.

ಸ್ಟ್ಯಾಂಡು ಹೊತ್ತುಕೊಂಡು ಅವನು ನಮ್ಮ ತೋಟಕ್ಕೆ ಬಂದ ದಿನ ಗೌರಿ ಕಿಟಕಿಯಿಂದ ನೋಡಿದಳು. ಅವನು ಹಿಪ್ಪುನೇರಳೆ ಸಾಲಿನ ನಡುವೆ ಅದನ್ನು ನೆಟ್ಟು, ಬಾಟಲಿ ಕೂರಿಸಿ, ಆಲಿಕೆ ನೇರ ಮಾಡಿ, ಮನೆಯ ಕಡೆ ಒಂದು ಸಲ ನೋಡಿ ಹೋದ. ಏನದು ಎಂದು ಅವಳು ನನ್ನನ್ನು ಕೇಳಿದಳು. ಹೇಳಿದೆ. ಐರಿನ್ ಮನೆಯಲ್ಲಿ ಅವನು ಆಡಿದ ಮಾತನ್ನೂ ಹೇಳಿದೆ. ಅರ್ಜಿಯ ಇಂಗ್ಲಿಷ್ ತಿದ್ದಿದ್ದಾಯಿತಾ ಎಂದು ಗೌರಿ ಮತ್ತೆ ಕೇಳಲಿಲ್ಲ. ದಿನಾ ಸೊಪ್ಪು ಕುಯ್ಯಲು ಹೋದಾಗ ಬಾಟಲಿಯೊಳಗೆ ಬಗ್ಗಿ ನೋಡಿ ಬರುತ್ತಿದ್ದಳು.

ಆ ಸಲದ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಒಂದು ಬೆಳಿಗ್ಗೆ ಗಾಳಿ ಎದ್ದಿತು. ನಾನು ಜಗಲಿಯಲ್ಲಿ ಕೂತಿದ್ದೆ. ಬೇಲಿಯಾಚೆ ಬೂದು ಬಣ್ಣದ ಮೋಡವೊಂದು ಮೆಲ್ಲಗೆ ಮೇಲೆದ್ದು ನಮ್ಮ ಕಡೆ ತಿರುಗಿತು. ನೀರಿನ ಪಂಪು ಕೆಟ್ಟಿತ್ತೆಂದು ಆಮೇಲೆ ಗೊತ್ತಾಯಿತು.

ಗೌರಿ ಸೊಪ್ಪಿನ ಹೊರೆ ಕೆಳಗೆ ಹಾಕಿ ನೇರ ನನ್ನ ಹತ್ತಿರ ಬಂದಳು. "ಫೋನ್ ಕೊಡಿ ಇಲ್ಲಿ."

ಕೊಟ್ಟೆ. ಅವಳು ನಂಬರು ಹುಡುಕಲಿಲ್ಲ, ನೆನಪಿನಿಂದಲೇ ಒತ್ತಿದಳು.

"ಲೇ ನಂಜ! ಏನ್ಲಾ ಅದು ಧೂಳು? ನಿನ್ ಕಣ್ಣೇನ್ ಇಂಗೋಗವಾ? ನನ್ ಉಳ ಸಾಯ್ಸಾಕೆ ಇನ್ನೊಂದ್ ಕಿತ ಒಂಟಿದ್ದೀಯ? ನಿಲ್ಸ್ಲಾ ಮೊದ್ಲು!"

ಅವಳ ಮಾತು ಮುಗಿಯುವುದರೊಳಗೆ ಕ್ರಷರಿನ ಸದ್ದು ನಿಂತಿತು. ಬೇಲಿಯಾಚೆಯಿಂದ ನಂಜುಂಡ ಓಡಿಬರುತ್ತಿದ್ದದ್ದು ಕಾಣಿಸಿತು. ಅಂಗಿಯ ಗುಂಡಿ ಹಾಕಿರಲಿಲ್ಲ. ಬಂದು ಅಂಗಳದಲ್ಲಿ ಏದುಸಿರು ಬಿಡುತ್ತ ನಿಂತ. ಗೌರಿ ಒಂದು ಸೊಪ್ಪಿನ ಎಲೆ ಕಿತ್ತು ಅವನ ಮುಖದ ಮುಂದೆ ಹಿಡಿದಳು.

"ನಂದೇ ಕಣಕ್ಕ," ಅಂದ ಅವನು. "ಪಂಪು ಕೆಟ್ಟೋಯ್ತು. ತಡ ಮಾಡ್ದೆ."

ಗೌರಿ ಬೈದಳು. ಒಂದು ವರ್ಷದಿಂದ ಆಡದೆ ಉಳಿಸಿಕೊಂಡಿದ್ದ ಮಾತೆಲ್ಲ ಆಡಿದಳು. ಅವನು ತಲೆ ತಗ್ಗಿಸಿ ನಿಂತು ಕೇಳಿದ, ಆದರೆ ಮುಖ ಮಾತ್ರ ಅವನ ಹಿಡಿತದಲ್ಲಿರಲಿಲ್ಲ, ಕಿವಿಯವರೆಗೆ ನಗು.

"ಏನ್ಲಾ ಅಂಗೆ ಕಿಸೀತಿದ್ದೀಯ?" ಎಂದು ಗೌರಿ ಕೊನೆಗೆ ಗದರಿದಳು. "ಕೈ ತೊಳ್ಕ ಬಾ. ರೊಟ್ಟಿ ಆಕಿವ್ನಿ."

ಪಂಪನ್ನು ರಿಪೇರಿ ಮಾಡುವವನು ಬೇಗನೇ ಬಂದು ಬೇಗನೇ ಸರಿಮಾಡಿ ಹೋದನಂತೆ. ಆದರೂ ಆ ದಿನ ಕ್ರಷರ್ ಮತ್ತೆ ಶುರುವಾದಾಗ ಹೊತ್ತು ನೆತ್ತಿಗೆ ಬಂದಿತ್ತು. ಮಾಲೀಕ ನಮ್ಮ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು, ಅಕ್ಕ ಬಡಿಸಿದಷ್ಟೂ ರೊಟ್ಟಿ ತಿನ್ನುತ್ತಿದ್ದ.